ಕೊನೆಯದಾಗಿ ಏನು ತಿಂದಿರಿ?

ಆಂಬುಲೆನ್ಸ್ ಓಡಿಸುವವನಿಗೆ ಪೈಲಟ್ ಎನ್ನುತ್ತಾರೆ. ಆರು ವರ್ಷದ ಹಿಂದೆ ಬ್ಯಾಡಗಿಯ ದಿಲನಾಜ ಕೆಲಸಕ್ಕೆ ಸೇರಿ, ಇನ್ನು ಮೇಲೆ ಪೈಲಟ್ ಸಿದ್ದೇಶನ ಜೊತೆ ಡ್ಯೂಟಿ ಎಂದಾಗ, ಅತ್ತೆ ಮುಮ್ತಾಜಬಿ ಸೊಸೆಗೆ ವಿಮಾನದಲ್ಲಿ ನೌಕರಿ ಸಿಕ್ಕಿತೆಂದು ಓಣಿಗೆಲ್ಲ ಪೇಢೆ ಹಂಚಿದ್ದಳು. ವಿಮಾನವೋ ಗಾಡಿಯೋ, ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರ ಡಬ್ಬಿ ಕಟ್ಟುವುದು ಮಾತ್ರ ದಿಲನಾಜಳಿಗೆ ತಪ್ಪಲಿಲ್ಲ.

ಮನೆಯಿಂದ ಆಸ್ಪತ್ರೆಯ ಬಾಗಿಲವರೆಗೆ ರೋಗಿಯನ್ನು ಜೀವಂತ ತಲುಪಿಸುವುದು ಅವಳ ಕೆಲಸ. ಅದಕ್ಕೊಂದು ಕ್ರಮವಿದೆ. ಮೊದಲು ಜಾಗ ಸುರಕ್ಷಿತವೇ ನೋಡಬೇಕು. ಆಮೇಲೆ ರೋಗಿಗಳೆಷ್ಟು ಎಂದು ಎಣಿಸಬೇಕು. ಉಸಿರು, ನಾಡಿ, ರಕ್ತದೊತ್ತಡ ನೋಡಿ, ಕೊನೆಯದಾಗಿ ಏನು ತಿಂದಿರಿ, ಯಾವಾಗ ತಿಂದಿರಿ ಎಂದು ಕೇಳಿ ಫಾರ್ಮಿನಲ್ಲಿ ಬರೆಯಬೇಕು. ಯಾರೆಷ್ಟೇ ಕೂಗಾಡಲಿ, ದಿಲನಾಜ ಈ ಸಾಲು ಬಿಡುವವಳಲ್ಲ.

"ದಿಲನಾಜಕ್ಕಾ, ನೀ ಸ್ವರ್ಗಕ್ಕ ಹ್ವಾದ್ರೂ ಬಾಗಲದಾಗ ನಿಂತು, ಜಾಗಾ ಸೇಫ್ ಐತೇನಂತ ಕೇಳಾಕಿ," ಎಂದು ಸಿದ್ದೇಶ ಛೇಡಿಸುತ್ತಿದ್ದ.

ಆ ದಿನ ಮಧ್ಯಾಹ್ನ ಒಂದೂವರೆಗೆ ಫೋನು ಬಂತು. ಮಾರ್ಕೆಟ್ ಹಿಂದಿನ ಓಣಿಯ ಒಂದು ಮನೆಯಲ್ಲಿ ಎಲ್ಲರಿಗೂ ಒಮ್ಮೆಲೇ ಉಸಿರು ಹಿಡಿದಿದೆಯಂತೆ. ಗಾಡಿ ನಿಂತದ್ದೇ ಸಿದ್ದೇಶ ಬ್ಯಾಗು ಹೊತ್ತು ಒಳಗೆ ನುಗ್ಗಿದ. ಅಷ್ಟೇ ವೇಗವಾಗಿ ಕೆಮ್ಮುತ್ತ, ಕಣ್ಣು ಮುಚ್ಚಿಕೊಂಡು ಹೊರಗೆ ಬಂದ.

"ಜಾಗಾ?" ಎಂದಳು ದಿಲನಾಜ.

"ಸೇಫ್ ಇಲ್ಲಕ್ಕಾ," ಎಂದ.

ಆದದ್ದು ಇಷ್ಟು. ಮನೆಯ ಯಜಮಾನ ಪುಂಡಲೀಕ ಹಿಂದಿನ ದಿನ ರಾಣೆಬೆನ್ನೂರಿನಲ್ಲಿ ಮದುವೆ ಊಟಕ್ಕೆ ಹೋಗಿದ್ದ. ಅವನು ಹನ್ನೊಂದನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ಯಾರೋ, ಊಟ ಅಂದರೆ ಇದು ಎಂದು ಹೊಗಳಿದರು. ಬೆಳಿಗ್ಗೆಯಿಂದ ಬಿಕ್ಕಳಿಕೆ ಶುರುವಾಯಿತು. ಕಣ್ಣು ಬಿದ್ದಿದೆ ಎಂದು ಅವನ ತಾಯಿ ಜಯವ್ವ ಐದು ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ಭಾರೀ ದೃಷ್ಟಿ ಎಂಬುದು ನಂಬಿಕೆ. ಘಾಟು ಬರಲಿಲ್ಲ. ಬರುವುದಾದರೂ ಹೇಗೆ? ಅದು ಬ್ಯಾಡಗಿ ಮೆಣಸಿನಕಾಯಿ. ಬಣ್ಣ ಬೇಕಾದಷ್ಟು, ಖಾರ ಕಡಿಮೆ. ಮೂರು ತಲೆಮಾರಿನಿಂದ ಅದನ್ನೇ ಮಾರಿ ಉಂಡ ಮನೆಯಲ್ಲಿ ಆ ಹೊತ್ತಿಗೆ ಇದು ಯಾರಿಗೂ ನೆನಪಾಗಲಿಲ್ಲ. ಜಯವ್ವ ಹತ್ತು ಹಾಕಿದಳು, ಇಪ್ಪತ್ತು ಹಾಕಿದಳು. ಕೊನೆಗೆ, ಎಂಥಾ ಕೆಟ್ಟ ಕಣ್ಣವ್ವಾ ಎಂದು, ಚಟ್ನಿಗೆ ತರಿಸಿಟ್ಟಿದ್ದ ಕಡುಖಾರದ ಗುಂಟೂರಿನದನ್ನು ಒಂದು ಬೊಗಸೆ ಸುರಿದಳು.

ದಿಲನಾಜ ಮಾಸ್ಕು ಹಾಕಿಕೊಂಡು ಕಿಟಕಿ ತೆಗೆಸಿ, ಎಲ್ಲರನ್ನೂ ಹೊರಗಿನ ಕಟ್ಟೆಯ ಮೇಲೆ ಕೂರಿಸಿದಳು. ಎಲ್ಲರ ಉಸಿರು, ನಾಡಿ ಸರಿಯಾಗಿದ್ದವು. ಪುಂಡಲೀಕ ಯಾರನ್ನೂ ಕೇಳದೆ ಸ್ಟ್ರೆಚರ್ ಮೇಲೆ ಮಲಗಿ, ತಲೆದಿಂಬನ್ನೂ ತರಿಸಿಕೊಂಡಿದ್ದ. ಅವನ ರಕ್ತದೊತ್ತಡ ಹುಡುಗರ ಹಾಗಿತ್ತು. ಇದ್ದದ್ದು ಬಿಕ್ಕಳಿಕೆಯೊಂದೇ.

"ಒಳಗ ಇನ್ನ್ಯಾರರ ಅದಾರೇನ್ರಿ ಆಯೀ?"

"ಯಾರೂ ಇಲ್ಲವ್ವಾ, ಎಲ್ಲಾರೂ ಹೊರಗ ಬಂದೇವಿ," ಎಂದಳು ಜಯವ್ವ.

ಆಗಲೇ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು.

"ಮತ್ತ ಅದು?"

"ಅದು ನಮ್ಮ ಸೊಸಿ."

ದಿಲನಾಜ ಕಿವಿಗೊಟ್ಟಳು. ರೊಟ್ಟಿ ಬಡಿತಕ್ಕೂ ಒಂದು ನಾಡಿ ಇರುತ್ತದೆ. ದಿನಾ ಬಡಿಯುವವಳಿಗೆ ಅದು ಗೊತ್ತು. ಈ ಬಡಿತ ಎರಡು ಸಲ ಕೇಳಿ ನಿಲ್ಲುತ್ತಿತ್ತು. ಮತ್ತೆ ಒಂದು ಸಲ, ಮತ್ತೆ ಮೌನ. ದಿಲನಾಜ ಓಡಿದಳು.

ಪುಂಡಲೀಕನ ಹೆಂಡತಿ ಮೀನಾಕ್ಷಿ ಒಲೆಯ ಮುಂದೆ ಕೂತಿದ್ದಳು. ಸೀರೆ ಬೆವರಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು. ಹಿಟ್ಟೇ ಇಲ್ಲದ ಬರೀ ಮಣೆಯನ್ನು ಬಡಿಯುತ್ತಿದ್ದಳು. ಗೋಡೆಯ ಗೂಡಿನಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆಯ ಪಾಕೀಟು ಕಂಡಿತು. ದಿಲನಾಜ ಅವಳ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದಳು: ನಲವತ್ತಾರು. ಇನ್ನಷ್ಟು ಇಳಿದರೆ ಪ್ರಜ್ಞೆ ಹೋಗುತ್ತದೆ. ಸುಮ್ಮನಿದ್ದರೆ ಜೀವವೇ ಹೋದೀತು. ನುಂಗಲು ಬರುತ್ತದೆಂದು ಖಾತ್ರಿ ಮಾಡಿಕೊಂಡು, ಗ್ಲೂಕೋಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು.

"ಸಿದ್ದೇಶಾ, ಸ್ಟ್ರೆಚರ್ ತಾ. ಲಗೂ!"

"ಇಳಿಯವಲ್ರಕ್ಕಾ ಇವರು!"

ದಿಲನಾಜ ಬಾಗಿಲಿಗೆ ಬಂದಳು. "ಇಳೀರಿ ಅಣ್ಣಾರ. ನಿಮ್ಮ ಮನಿಯವರನ್ನ ಹಾವೇರಿಗೆ ಒಯ್ಯಬೇಕು."

"ಫೋನ್ ಮಾಡಿದಾಂವ ನಾ... ಹಿಕ್... ನಾನ್ರೀ!"

"ಗಾಡಿ ಫೋನ್ ಮಾಡಿದವರಿಗಲ್ರಿ, ಪೇಶಂಟಿಗೆ."

ಜಯವ್ವ ಗಾಬರಿಯಾದಳು. "ಅಕಿ ಹ್ವಾದ್ರ ರೊಟ್ಟಿ ಯಾರು ಬಡೀತಾರವಾ? ಹಂಚು ಕಾದೈತಿ."

ಉತ್ತರ ಹುಡುಕುತ್ತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಎಲ್ಲರ ಕಣ್ಣೂ ಸ್ಟ್ರೆಚರ್ ಮೇಲಿನ ಗಟ್ಟಿಮುಟ್ಟಾದ ಎರಡು ಕೈಗಳ ಮೇಲೆ ನಿಂತವು. ಪುಂಡಲೀಕನ ಬಿಕ್ಕಳಿಕೆ ಗಕ್ಕನೆ ನಿಂತಿತು. ಈ ಸಲ ಮೆಣಸಿನಕಾಯಿ ಇಲ್ಲದೆಯೇ ದೃಷ್ಟಿ ಹೋಯಿತೆನ್ನುತ್ತ ಸಿದ್ದೇಶ ದಿಂಬು ತೆಗೆದು ಅವನ ಕೈಗೆ ಕೊಟ್ಟ.

ಗಾಡಿ ಹಾವೇರಿ ದಾರಿ ಹಿಡಿಯಿತು. ಕಾಲು ಗಂಟೆಯ ಮೇಲೆ ಮತ್ತೆ ನೋಡಿದರೆ ಎಂಬತ್ತೆಂಟು. ಮೀನಾಕ್ಷಿಯ ಕಣ್ಣಲ್ಲಿ ಗುರುತು ಮೂಡಿತು. ದಿಲನಾಜ ಫಾರ್ಮು ತೆಗೆದಳು.

"ಅಕ್ಕಾರ, ಕೊನೀಗೆ ಏನು ತಿಂದ್ರಿ?"

"ಅವರು ಒಂಬತ್ತಕ್ಕ ಎರಡು ರೊಟ್ಟಿ, ಝುಣಕಾ ತಿಂದ್ರು. ಬಿಕ್ಕಳಿಕಿ ಬಂದ್ರೂ ಬಿಡಲಿಲ್ರಿ."

"ನೀವು?"

"ಅತ್ತಿಗೆ ಹಲ್ಲಿಲ್ಲಲ್ರಿ, ಗಂಜಿ ಮಾಡಿದೆ. ಮಗಳು ಉಪ್ಪಿಟ್ಟು ಒಲ್ಲೆ ಅಂದ್ಲು, ಅವಲಕ್ಕಿ ಕಲಿಸಿದೆ. ಮಾತಾಡಸಾಕ ಬಂದವರಿಗೆ ಚಾ..."

"ನೀವು, ಅಕ್ಕಾರ. ನೀವು."

ದೂರದ ನೆಂಟರ ಹೆಸರು ನೆನಪಿಸಿಕೊಳ್ಳುವವಳಂತೆ ಮೀನಾಕ್ಷಿ ಬಹಳ ಹೊತ್ತು ಯೋಚಿಸಿದಳು. "ಗುಳಿಗಿ ತಿಂದೇನ್ರಿ," ಎಂದಳು ಕೊನೆಗೆ.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಗುಳಿಗೆಯ ಪ್ರಭಾವ ಇಳಿಯುವವರೆಗೆ, ನಾಳೆಯ ತನಕ ಇಲ್ಲೇ ಇರಲಿ ಎಂದರು. ನಾಲ್ಕು ಬಿಸಿ ಇಡ್ಲಿ ತರಿಸಿಕೊಟ್ಟರು. ಮೀನಾಕ್ಷಿ ಒಂದು ತುತ್ತು ಬಾಯಿಗಿಟ್ಟು, "ಇದನ್ನ ಯಾರು ಮಾಡ್ಯಾರ್ರಿ?" ಎಂದು ಕೇಳಿದಳು. ಯಾರೋ ಮಾಡಿದ್ದಾರೆ, ನೀವು ಮಾತ್ರ ಮಾಡಿಲ್ಲ ಎಂದಳು ದಿಲನಾಜ. ಮೀನಾಕ್ಷಿ ಗೋಡೆಗೆ ಒರಗಿ, ಕಾಲು ಚಾಚಿಕೊಂಡು, ನಾಲ್ಕನ್ನೂ ತಿಂದಳು.

ಹೊರಗೆ ಗಾಡಿ ಒರೆಸುತ್ತಿದ್ದ ಸಿದ್ದೇಶ ಕೇಳಿದ, "ಅಕ್ಕಾ, ನೀ ಕೊನೀಗೆ ಏನು ತಿಂದಿ?"

"ತೌಹೀದ ಎಂಟಕ್ಕ ಚಪಾತಿ..." ಎಂದು ಗಂಡನ ಲೆಕ್ಕ ಶುರು ಮಾಡಿದವಳು ಅಲ್ಲಿಗೇ ನಿಂತಳು.

ಸಿದ್ದೇಶ ಒರೆಸುವ ಬಟ್ಟೆ ಕೆಳಗಿಟ್ಟ. ಅವಳ ಡಬ್ಬಿ ತಂದು ಮುಚ್ಚಳ ತೆಗೆದು ಮುಂದಿಟ್ಟ. ಮೊದಲ ತುತ್ತಿಗೇ ಅವಳ ಫೋನು ಬಡಿದುಕೊಂಡಿತು. ತೌಹೀದನದೇ. ಸಿದ್ದೇಶ ತಾನೇ ಎತ್ತಿದ.

"ಅಕ್ಕಾ ಊಟಾ ಮಾಡಾಕತ್ತಾಳ್ರಿ ತೌಹೀದಣ್ಣಾ. ಏನು, ಚಾಪುಡಿ ಸಿಗವಲ್ದು? ಗಾಬರಿ ಆಗಬ್ಯಾಡ್ರಿ. ಮದಲ ಬಾಗಲದಾಗ ನಿಂತು ಜಾಗಾ ಸೇಫ್ ಐತೇನ ನೋಡ್ರಿ. ಆಮ್ಯಾಲೆ ಡಬ್ಬಿ ಎಷ್ಟು ಅದಾವ ಎಣಸ್ರಿ. ಒಂದೊಂದ ಮುಚ್ಚಳಾ ತಗದು ನೋಡ್ರಿ. ಉಸರಾಡಾಕತ್ತೀರಿಲ್ಲೋ? ಹಾಂ, ಹಂಗಾರ ನಿಮಗ ಆಂಬುಲೆನ್ಸ್ ಬ್ಯಾಡ."

ದಿಲನಾಜ ಎರಡನೇ ಚಪಾತಿ ಮುರಿದಳು.