ಸುಮಾರು ಅಂದರೆ ಎಷ್ಟು ಸೆಂಟು?

ಕಳೆದ ಬುಧವಾರ ಮಧ್ಯಾಹ್ನ ಮೂರೂವರೆಗೆ ಕಳಸದಲ್ಲಿ ನಲವತ್ತೈದು ಸಾವಿರದ ಒಂಬೈನೂರ ಮೂವತ್ತೊಂದು ಇಂಚು ಮಳೆಯಾಯಿತು.

ಗಾಬರಿಯಾಗಬೇಡಿ. ಭದ್ರಾ ನದಿ ಇದ್ದಲ್ಲೇ ಇದೆ. ಹೊರನಾಡಿಗೆ ಹೋಗುವ ಬಸ್ಸುಗಳೂ ಓಡುತ್ತಿವೆ. ಮಳೆ ಬಂದದ್ದು ನನ್ನ ಆಫೀಸಿನ ಕಂಪ್ಯೂಟರಿನೊಳಗೆ, ಅದೂ ಜುಲೈ ಹನ್ನೆರಡನೇ ತಾರೀಕಿನ ಲೆಕ್ಕಕ್ಕೆ. ಅಕ್ಕಪಕ್ಕದ ದಿನಗಳಲ್ಲಿ ಹನ್ನೆರಡು ಸಾವಿರ, ಹದಿನೆಂಟು ಸಾವಿರ ಇಂಚಿನ ಚಿಲ್ಲರೆ ಮಳೆಗಳೂ ಇದ್ದವು.

ಪಕ್ಕದಲ್ಲಿ ಕೂತಿದ್ದ ರಜಾಕ್ ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಮೇಡಂ, ಅವತ್ತು ಮಳೆ ಸ್ವಲ್ಪ ಜೋರೇ ಇತ್ತು. ಆದ್ರೆ ಇಷ್ಟಿರ್ಲಿಲ್ಲ" ಅಂದರು.

ನಾನು ವಾರಕ್ಕೊಮ್ಮೆ ಇಲ್ಲಿ ಬರೆಯುತ್ತೇನೆಂಬುದು ನಿಮಗೆ ಗೊತ್ತು. ಉಳಿದಂತೆ ಕಳಸದ ಬೆಳೆಗಾರರ ಸಂಘವೊಂದರ ಆಫೀಸಿನಲ್ಲಿ ಅರ್ಧ ದಿನದ ಕೆಲಸ. (ನಮ್ಮ ಕಡೆ 'ನಾನು ರೈಟರ್' ಅಂದರೆ 'ಯಾವ ಎಸ್ಟೇಟು?' ಎಂದು ಕೇಳುತ್ತಾರೆ. ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಮಳೆ ಲೆಕ್ಕ ಬರೆಯುವವರಿಗೇ ಇಲ್ಲಿ ರೈಟರ್ ಎನ್ನುವುದು. ಅಂಕಣ ಬರೆಯುವವರಿಗೆ ಇನ್ನೂ ಹೆಸರಿಟ್ಟಿಲ್ಲ.)

ರಜಾಕ್ ಸಾಹೇಬರದು ಹೊರನಾಡು ರಸ್ತೆಯಲ್ಲಿ ರಿಪೇರಿ ಅಂಗಡಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಸ್ಪ್ರೇಯರ್, ಮೋಟರ್, ಏನು ಕೆಟ್ಟರೂ ಅಲ್ಲಿಗೇ ಹೋಗಬೇಕು. ಅಂಗಡಿಯ ಹಿಂದೆ ಮನೆ. ಮನೆಯ ಮುಂದೆ ಒಂದು ರೈನ್ ಗೇಜ್. ಮೂವತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಆ ಗೇಜಿನ ನೀರನ್ನು ಗಾಜಿನ ಅಳತೆ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಯಾಕೆ? ನಾನೂ ಕೇಳಿದ್ದೆ. "ಬರ್ತದಲ್ಲ ಮೇಡಂ, ಅದ್ಕೆ" ಎಂದಿದ್ದರು.

ಆದರೆ ಮಳೆಯ ವಿಷಯದಲ್ಲಿ ನಮ್ಮವರಿಗೆ ಬಹಳ ದೊಡ್ಡಸ್ತಿಕೆ. ದೊಡ್ಡ ಎಸ್ಟೇಟಿನ ಗೇಜಿನಲ್ಲಿ ಬಿದ್ದದ್ದು ಮಾತ್ರ ಮಳೆ. ಸಂಘದ ವಾರ್ಷಿಕ ಸಭೆಯಲ್ಲಿ ಪ್ರತಿ ವರ್ಷ ಅವರವರ ಎಸ್ಟೇಟಿನ ಮಳೆಯನ್ನು ಅವರವರು ಎದೆಯುಬ್ಬಿಸಿ ಓದುತ್ತಾರೆ, ತಾವೇ ಸುರಿಸಿದವರ ಹಾಗೆ. ಸಾಹೇಬರ ನೋಟ್‌ಬುಕ್ಕನ್ನು ಒಬ್ಬರೂ ಕೇಳಿದ್ದಿಲ್ಲ. "ಪಲ್ಪರ್ ರಿಪೇರಿಯವ್ರಿಗೆ ಮಳೆ ಲೆಕ್ಕ ಯಾಕಪ್ಪ?" ಎಂದು ನಕ್ಕವರಿದ್ದಾರೆ. ಈ ವರ್ಷ ನಮ್ಮ ಅಧ್ಯಕ್ಷರಿಗೆ ಏನು ಹೊಳೆಯಿತೋ, "ಪೇಟೆ ಮಳೆ ಲೆಕ್ಕ ಇರೋದು ರಜಾಕ್ ಹತ್ರ ಮಾತ್ರ. ಅದನ್ನೇ ಚಾರ್ಟ್ ಮಾಡಿ ಗೋಡೆಗೆ ಹಾಕಿ" ಅಂದುಬಿಟ್ಟರು. ಜೂನ್‌ನಿಂದ ಸೆಪ್ಟೆಂಬರ್, ನೂರ ಇಪ್ಪತ್ತೆರಡು ದಿನ. ಸಭೆ ಶನಿವಾರ.

ಸಾಹೇಬರು ಹೊಸ ಶರ್ಟ್ ಹೊಲಿಸಿದರು. ಹೆಂಡತಿ ಜುಬೇದಮ್ಮನೂ ಸಭೆಗೆ ಬರುತ್ತಾರೆಂದು ಹೇಳಿ ಹೋದರು. ಮೂವತ್ತೊಂದು ವರ್ಷದ ಮೇಲೆ ಒಬ್ಬ ಮನುಷ್ಯನ ಮಾತಿಗೆ ಗೋಡೆ ಸಿಕ್ಕಿದೆ. ಅದರ ಮೇಲೆ ನಲವತ್ತೈದು ಸಾವಿರ ಇಂಚು ಮಳೆ ನೇತು ಹಾಕಿದರೆ ಏನಾಗಬಹುದು? ಸಾಯುವವರೆಗೂ ಅವರನ್ನು 'ನಲವತ್ತೈದು ಸಾವಿರದ ಸಾಬ್ರು' ಎಂದೇ ಕರೆಯುತ್ತಾರೆ. ನನಗೆ ನಮ್ಮೂರು ಚೆನ್ನಾಗಿ ಗೊತ್ತು.

ಹಿಂದಿನ ತಿಂಗಳಾಗಿದ್ದರೆ ಇದು ಹತ್ತು ನಿಮಿಷದ ಕೆಲಸ. ಹಳೆಯ ಸಾಫ್ಟ್‌ವೇರಿನಲ್ಲಿ ಯಾರೋ ಪುಣ್ಯಾತ್ಮರು ಮಾಡಿಟ್ಟ ಒಂದು ಹಾಳೆ ಇತ್ತು. ಮಳೆ ತುಂಬಿಸಿ ಬಟನ್ ಒತ್ತಿದರೆ ನೀಲಿ ಕಂಬಗಳು ಸಾಲಾಗಿ ಎದ್ದು ನಿಲ್ಲುತ್ತಿದ್ದವು. ಆಮೇಲೆ ಅಪ್‌ಗ್ರೇಡ್ ಆಯಿತು. ಹೊಸದು ಆ ಹಾಳೆಯನ್ನು ಮೂಸಿ ನೋಡಿ, 'ಇದು ಸುರಕ್ಷಿತವಲ್ಲ' ಎಂದು ಬಾಗಿಲು ಹಾಕಿಕೊಂಡಿತು. (ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತೀರಾ? ಅನ್ನಿ. ನೆಟ್ಟಗಿದ್ದ ನೆಲವನ್ನು ಡೊಂಕು ಮಾಡಿ ಅದಕ್ಕೆ ಅಪ್‌ಗ್ರೇಡ್ ಎಂದು ಹೆಸರಿಟ್ಟವರು ನಾನಲ್ಲ.)

ಹೊಸ ಹಾಳೆಯಲ್ಲಿ ನಾನೇ ಬೆರಳು ಸವೆಸಿ ಎಲ್ಲ ಟೈಪ್ ಮಾಡಿದೆ. ಎಡವಟ್ಟಾಗಿದ್ದು ಅಲ್ಲೇ.

ಕಾಫಿ ಸೀಮೆಯಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವವರು ಟಿವಿಯವರು ಮಾತ್ರ. ನಮ್ಮದು ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಬರೆಯುವಾಗ ನಡುವೆ ಒಂದು ಸಣ್ಣ ಗೆರೆ. ಒಂದು ಇಂಚು ಹತ್ತು ಸೆಂಟು ಅಂದರೆ 1-10. ಸಾಹೇಬರ ಪುಸ್ತಕದಲ್ಲಿ ಹಾಗೇ ಇತ್ತು, ನಾನೂ ಹಾಗೇ ಹೊಡೆದೆ.

ಸಾಫ್ಟ್‌ವೇರಿನವರ ಸಹಾಯವಾಣಿಗೆ ಫೋನ್ ಮಾಡಿದೆ. ಬೆಂಗಳೂರಿನ ಹುಡುಗನ ದನಿ. ಬಹಳ ಮರ್ಯಾದೆ.

"ಮೇಡಂ, ಒನ್ ಡ್ಯಾಶ್ ಟೆನ್ ಅಂದ್ರೆ ಅಕ್ಟೋಬರ್ ಒಂದನೇ ತಾರೀಖು ಅಂತ ತಗೊಂಡಿದೆ."

"ನಾನು ಮಳೆ ಬರೆದಿದ್ದಪ್ಪ."

"ಅದಕ್ಕೆ ಡೇಟ್ ಅಂತ ಅನ್ನಿಸಿದೆ ಮೇಡಂ."

ಅನ್ನಿಸಿದೆಯಂತೆ! ಅದರ ಹೊಟ್ಟೆಯಲ್ಲಿ ಪ್ರತಿ ತಾರೀಕಿಗೂ ಒಂದು ನಂಬರ್ ಇದೆಯಂತೆ. 1900ನೇ ಇಸವಿಯಿಂದ ಒಂದೊಂದೇ ದಿನ ಎಣಿಸುತ್ತಾ ಕೂತಿದೆಯಂತೆ. ಮೊನ್ನೆಯ ಅಕ್ಟೋಬರ್ ಒಂದಕ್ಕೆ ಆ ಎಣಿಕೆ ನಲವತ್ತೈದು ಸಾವಿರದ ಒಂಬೈನೂರ ಮೂವತ್ತೊಂದು. ಅದೇ ನಮ್ಮ ಮಳೆ. 1-35 ಎಂದಿದ್ದಲ್ಲಿ 1935ರ ಜನವರಿ ಎಂದುಕೊಂಡು ಹನ್ನೆರಡು ಸಾವಿರ ಸುರಿಸಿತ್ತು. ಇಷ್ಟು ಕೆಲಸವಿಲ್ಲದವರ ಕೈಗೆ ನಾವು ಲೆಕ್ಕ ಕೊಟ್ಟಿದ್ದೇವಲ್ಲ ಎಂದು ಸಿಟ್ಟು ಬಂತು.

ಆ ಹುಡುಗನಿಗೆ ಇಂಚು, ಸೆಂಟು ಬಿಡಿಸಿ ಹೇಳಿದೆ. ಅವನಿಗೆ ಖುಷಿಯಾಯಿತು. "ಓ, ಸೆಂಟ್ಸಾ! ಹಾಗಾದ್ರೆ ಕರೆನ್ಸಿ ಫಾರ್ಮ್ಯಾಟ್ ಹಾಕಿ ಮೇಡಂ, ಗೆರೆ ಬದಲು ಚುಕ್ಕಿ ಇಡಿ."

ಹಾಕಿದೆ. ಇಟ್ಟೆ. ಕಳಸದ ಮಳೆಯ ಹಿಂದೆಲ್ಲ ಡಾಲರ್ ಚಿಹ್ನೆ ಬಂದು ಕೂತಿತು.

"ಇದು ಯಾವ ದೇಶದ ಮಳೆ ಮೇಡಂ?" ಸಾಹೇಬರು ಕೇಳಿದರು.

ಡಾಲರ್ ತೆಗೆದೆ. ಆಗ 1.10 ಎಂಬುದು 1.1 ಆಯಿತು. ಗಣಿತದ ಪ್ರಕಾರ ಎರಡೂ ಒಂದೇ, ನಾವೆಲ್ಲ ಶಾಲೆಯಲ್ಲಿ ಕಲಿತದ್ದೇ. ಆದರೆ ರೈನ್ ಗೇಜ್ ಇಟ್ಟವರಿಗೆ ಇದನ್ನು ಹೇಳಿ ನೋಡಿ!

"ಒಂದು ಇಂಚು ಒಂದು ಸೆಂಟಾ?" ಸಾಹೇಬರ ಮುಖ ಕೆಂಪಾಯಿತು. "ನನ್ನ ಒಂಬತ್ತು ಸೆಂಟು ಎಲ್ಲಿಗೆ ಹೋಯ್ತು ಮೇಡಂ?"

"ಎಲ್ಲೂ ಹೋಗಿಲ್ಲ ಸಾಹೇಬ್ರೆ. ಸೊನ್ನೆಗೆ ಬೆಲೆಯಿಲ್ಲ ಅಂತ ಬಿಟ್ಟಿದೆ ಅಷ್ಟೇ."

"ಬೆಲೆಯಿಲ್ದೆ ನಾನು ಬರ್ದಿರ್ತೀನಾ?"

ನಾನು ಸೊನ್ನೆ ಹುಡುಕಲು ಹೊರಟೆ. ಸೊನ್ನೆಯನ್ನು ವಾಪಸ್ ತರಿಸುವ ಬಟನ್ ಹಳೆಯದರಲ್ಲಿ ಮೂಗಿನ ಮುಂದೇ ಇತ್ತು. ಹೊಸದರಲ್ಲಿ ಅದನ್ನು ಹುಡುಕಲು ಇಡೀ ಒಂದು ಗಂಟೆ ಹೋಯಿತು.

ಇನ್ನು ಚಾರ್ಟ್. 'ನಿಮಗೆ ಯಾವುದು ಸೂಕ್ತವೆಂದು ನಾನೇ ಹೇಳುತ್ತೇನೆ' ಎಂದಿತು ಅಪ್‌ಗ್ರೇಡು. ಹೇಳಿದ್ದು ಪೈ ಚಾರ್ಟ್. ಮುಂಗಾರನ್ನು ಹುಟ್ಟುಹಬ್ಬದ ಕೇಕಿನಂತೆ ನೂರ ಇಪ್ಪತ್ತೆರಡು ತುಂಡು ಮಾಡಿ, ತುಂಡಿಗೊಂದು ಬಣ್ಣ ಬಳಿದು ಮುಂದಿಟ್ಟಿತು. ಸಾಹೇಬರು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿ, "ಪಲ್ಪರ್ ಡಿಸ್ಕ್ ಸವೆದಂಗೆ ಉಂಟು" ಅಂದರು. ಅದರ ಕೆಳಗೆ 'ಸೀರೀಸ್ ಒನ್' ಎಂದು ಬರೆದಿತ್ತು. "ಇವ್ರು ಯಾರು? ಗೇಜ್ ನಂದಲ್ವಾ?" ಎಂದು ಕೇಳಿದರು.

ಗುರುವಾರ ಸಂಜೆಯ ಹೊತ್ತಿಗೆ ಅಂತೂ ನೀಲಿ ಕಂಬಗಳು ಎದ್ದವು. ಹೆಸರೂ ಬಂತು: ರಜಾಕ್, ಕಳಸ ಪೇಟೆ. ಇಬ್ಬರೂ ಟೀ ತರಿಸಿಕೊಂಡೆವು. ಒಂದು ಗುಟುಕು ಕುಡಿದಿದ್ದೆವು, ಅಷ್ಟೇ.

ಜುಲೈ ಕೊನೆಯಲ್ಲಿ ಐದು ದಿನ ಕಂಬವೇ ಇಲ್ಲ. ಖಾಲಿ. ಚಾರ್ಟ್ ಪ್ರಕಾರ ಕಳಸದಲ್ಲಿ ಜುಲೈ ತಿಂಗಳು ಐದು ದಿನ ಒಂದು ಹನಿ ಬಿದ್ದಿಲ್ಲ! ಇದನ್ನು ಗೋಡೆಗೆ ಹಾಕುವುದಕ್ಕಿಂತ ನಲವತ್ತೈದು ಸಾವಿರ ಇಂಚೇ ವಾಸಿ.

ನೋಟ್‌ಬುಕ್ ತೆರೆದೆ. ಆ ಪುಟದ ಅಕ್ಷರವೇ ಬೇರೆ. ದುಂಡಗೆ, ದೊಡ್ಡದಾಗಿ. ನಾನು ಟೈಪ್ ಮಾಡುವಾಗ 'ಆಮೇಲೆ ಕೇಳೋಣ' ಎಂದು ಬಿಟ್ಟು ಮರೆತ ಪುಟ ಅದು. ಹೀಗಿತ್ತು:

ಸುಮಾರು.
ಜೋರು.
ಸುಮಾರು.
ಭಾರೀ ಜೋರು, ಕರೆಂಟಿಲ್ಲ.
ಬಟ್ಟೆ ಒಣಗಲಿಲ್ಲ.

"ಅದು ಜುಬೇದಾ ಬರ್ದಿದ್ದು" ಸಾಹೇಬರು ತಲೆ ತಗ್ಗಿಸಿದರು. ಮಗಳ ಹೆರಿಗೆಗೆಂದು ಅವರು ಐದು ದಿನ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿದ್ದರಂತೆ. ಗೇಜ್ ಹೆಂಡತಿಯ ಪಾಲಿಗೆ ಬಂತು.

ನಾನು ಆ ಐದು ಸಾಲುಗಳನ್ನು ಹಾಗೇ ತುಂಬಿಸಿ, ಕಂಬ ಬರುತ್ತದೇನೋ ಎಂದು ಎಳೆದೆ. ಹೊಸ ಸಾಫ್ಟ್‌ವೇರಿಗೆ ಬಹಳ ಬುದ್ಧಿಯಲ್ಲವೇ? ಅದು ಆಗಸ್ಟ್ ತಿಂಗಳನ್ನೆಲ್ಲ ಅಳಿಸಿ 'ಸುಮಾರು, ಜೋರು, ಸುಮಾರು, ಭಾರೀ ಜೋರು' ಎಂದು ತುಂಬಿಸಿಕೊಟ್ಟಿತು. (ಹಾಗೆ ನೋಡಿದರೆ ಅದೇನೂ ಸುಳ್ಳಾಗಿರಲಿಲ್ಲ.)

"ಸಾಹೇಬ್ರೆ, ಪಕ್ಕದ ಎಸ್ಟೇಟಿಂದ ಆ ಐದು ದಿನದ ಲೆಕ್ಕ ತಗೊಂಡು ಹಾಕಿಬಿಡ್ಲಾ? ಹೆಚ್ಚು ಕಮ್ಮಿ ಅಷ್ಟೇ ಇರ್ತದೆ. ಯಾರಿಗೆ ಗೊತ್ತಾಗ್ತದೆ?"

ಅವರು ಟೀ ಲೋಟ ಕೆಳಗಿಟ್ಟರು.

"ನನ್ಗೆ ಗೊತ್ತಾಗ್ತದಲ್ಲ ಮೇಡಂ. ನೋಡದ್ದನ್ನ ಬರೆಯೋದು ಹೆಂಗೆ? ಮೂವತ್ತೊಂದು ವರ್ಷದಲ್ಲಿ ಒಂದ್ ಸೆಂಟು ಅಂದಾಜಲ್ಲಿ ಬರ್ದಿಲ್ಲ." ಆಮೇಲೆ ದನಿ ತಗ್ಗಿಸಿ, "ಮತ್ತೆ ಅವ್ಳ ಐದು ದಿನ ತೆಗೆದ್ರೆ ನಾನು ಮನೆಗೆ ಹೋಗಕ್ಕಾಗಲ್ಲ" ಎಂದರು.

ನನಗೆ ನಾಚಿಕೆಯಾಯಿತು. ಸುಳ್ಳೇಕೆ ಹೇಳಲಿ, ನಿಜವಾಗಿಯೂ ಆಯಿತು. ಎರಡು ದಿನದಿಂದ ಕಂಪ್ಯೂಟರಿಗೆ ಬೈಯುತ್ತಿದ್ದೆ, ಅನ್ನಿಸಿದ್ದನ್ನೆಲ್ಲ ತುಂಬಿಸುತ್ತದೆ ಎಂದು. ಈಗ ನಾನು ಹೇಳಿದ್ದು ಇನ್ನೇನು?

ಶುಕ್ರವಾರ ಬೆಳಿಗ್ಗೆ ಕಂಪ್ಯೂಟರ್ ಆಫ್ ಮಾಡಿದೆ. ಸ್ಟೇಷನರಿ ಅಂಗಡಿಯಿಂದ ನಾಲ್ಕು ದೊಡ್ಡ ಡ್ರಾಯಿಂಗ್ ಶೀಟು, ನೀಲಿ ಸ್ಕೆಚ್ ಪೆನ್ನು, ಅಡಿಕೋಲು ತಂದೆ. ಜುಬೇದಮ್ಮನನ್ನೇ ಕರೆಸಿದೆ. ಅವರು ಅಂಕೆ ಓದಿದರು, ನಾನು ಗೆರೆ ಎಳೆದೆ. ಅವರ ಆ ಐದು ದಿನ ಬಂದಾಗ ಕೇಳಿದೆ, "ಸುಮಾರು ಅಂದ್ರೆ ಎಷ್ಟು ಸೆಂಟು ಜುಬೇದಮ್ಮ?"

"ಗೊತ್ತಿದ್ರೆ ಬರೀತಿದ್ದೆ ಅಕ್ಕ. ಗ್ಲಾಸಿನ ಸಣ್ಣ ಗೆರೆ ನಂಗೆ ಕಾಣಲ್ಲ. ಕಂಡಷ್ಟು ಬರ್ದೆ."

ಸ್ಕೆಚ್ ಪೆನ್ನನ್ನು ಅವರ ಕೈಗೇ ಕೊಟ್ಟೆ. ಕಂಬಗಳ ಜಾಗದಲ್ಲಿ ಅವರ ದುಂಡು ಅಕ್ಷರಗಳು ಮೇಲಿಂದ ಕೆಳಗೆ ಇಳಿದವು. ಜುಮ್ಮಾ ನಮಾಜು ಮುಗಿಸಿ ಸಾಹೇಬರು ಬರುವಷ್ಟರಲ್ಲಿ ಸೆಪ್ಟೆಂಬರ್ ಮುಗಿದಿತ್ತು. ಅವರು ಪ್ರತಿಯೊಂದು ಕಂಬವನ್ನೂ ಪುಸ್ತಕಕ್ಕೆ ತಾಳೆ ನೋಡಿದರು. ಎರಡು ತಪ್ಪು ಹಿಡಿದರು. (ಎರಡೂ ನನ್ನವೇ.)

ಶನಿವಾರ ಸಭೆ. ಗೋಡೆಯ ತುಂಬ ಮಳೆ. ಜನ ಕಾಫಿ ಲೋಟ ಹಿಡಿದು ಮುಂದೆ ನಿಂತರು. 'ಬಟ್ಟೆ ಒಣಗಲಿಲ್ಲ' ಕಣ್ಣಿಗೆ ಬಿದ್ದದ್ದೇ ತಡ, ಒಬ್ಬರು ಕಿಸಕ್ಕೆಂದರು. ನಗು ಸಾಲು ಹಿಡಿದು ಹಿಂದಿನವರೆಗೂ ಹೋಯಿತು. ಹೊಸ ಶರ್ಟಿನ ಸಾಹೇಬರು ಬಾಗಿಲ ಹತ್ತಿರ ನಿಂತಿದ್ದರು. ಜುಬೇದಮ್ಮ ಸೆರಗು ಸರಿಮಾಡಿಕೊಂಡರು.

ಅಧ್ಯಕ್ಷರು ಹತ್ತಿರ ಹೋಗಿ ಕನ್ನಡಕ ಏರಿಸಿದರು. "ಎಂತದು ಮಾರಾಯ ಇದು ರಜಾಕ್?"

"ನಾನು ಊರಲ್ಲಿರ್ಲಿಲ್ಲ ಸಾರ್. ನನ್ನ ಹೆಂಡ್ತಿ ನೋಡಿದ್ದು. ಅವ್ಳಿಗೆ ಕಂಡಷ್ಟು ಬರ್ದಿದ್ದಾಳೆ."

ಅಧ್ಯಕ್ಷರು ಆ ಐದು ದಿನಗಳನ್ನು ಮತ್ತೊಮ್ಮೆ ಓದಿದರು. ಆಮೇಲೆ ನಮ್ಮ ಕಡೆ ತಿರುಗಿದರು. "ನಗ್ಬೇಡ್ರಪ್ಪ. ನಮ್ಮ ಎಸ್ಟೇಟಲ್ಲಿ ರೈಟರ್ ರಜೆ ಹೋದ ದಿನಾನೂ ಗೇಜಲ್ಲಿ ಸರಿಯಾಗಿ ಅರವತ್ತು ಸೆಂಟು ಬಿದ್ದಿರ್ತದೆ. ಅದು ಹೆಂಗೆ ಅಂತ ನಾನು ಇವತ್ತಿನವರೆಗೆ ಕೇಳಿಲ್ಲ. ನೀವು ಕೇಳಿದ್ದೀರಾ?"

ಯಾರೂ ಕೇಳಿರಲಿಲ್ಲ. ಎಲ್ಲರೂ ಒಟ್ಟಿಗೆ ಕಾಫಿ ಕುಡಿಯತೊಡಗಿದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರೆ. ಈ ಸಲ ಒದೆ ಬಿದ್ದದ್ದು ಎಸ್ಟೇಟಿನವರಿಗೆ. ಈ ವರ್ಷದ ಮಳೆ ಲೆಕ್ಕವನ್ನು ಮೈಕಿನಲ್ಲಿ ಓದಿದ್ದು ರಜಾಕ್ ಸಾಹೇಬರು, ಐದು ದಿನ ಬಿಟ್ಟು. ಆ ಐದು ದಿನದ್ದನ್ನು ಜುಬೇದಮ್ಮನೇ ಓದಿದರು. ಚಪ್ಪಾಳೆ ಅವರಿಗೇ ಜಾಸ್ತಿ ಬಿತ್ತು. ಸಾಹೇಬರು ಅದನ್ನೂ ಅಳೆದಿಟ್ಟುಕೊಂಡಂತೆ ಕಂಡಿತು.

ಸೋಮವಾರ ನನ್ನ ಮೊಬೈಲಿಗೆ ಸಹಾಯವಾಣಿಯವರ ಮೆಸೇಜು. 'ನಮ್ಮ ಸೇವೆ ಹೇಗಿತ್ತು? 1-10 ಅಂಕ ನೀಡಿ.' ನಾನು ಒಂದು ಇಂಚು ಹತ್ತು ಸೆಂಟು ಎಂದೇ ಓದಿಕೊಂಡೆ. ಆಮೇಲೆ ಯೋಚಿಸಿ, ಕಂಡಷ್ಟು ಬರೆದೆ: 'ಸುಮಾರು.'

ತಕ್ಷಣ ಉತ್ತರ ಬಂತು. 'ದಯವಿಟ್ಟು ಸರಿಯಾದ ಸಂಖ್ಯೆಯನ್ನು ನಮೂದಿಸಿ.'

ಸರಿಯಾದ ಸಂಖ್ಯೆಯೇ ಬೇಕಂತೆ, ಕಳಸದಲ್ಲಿ ನಲವತ್ತೈದು ಸಾವಿರ ಇಂಚು ಮಳೆ ಸುರಿಸಿದವರಿಗೆ!