ರಾಂಗೆಲ್ ಊಟಕ್ಕೆ ಕೂರುತ್ತಿದ್ದ ಎತ್ತರ

ಹೈಡ್ರಾಲಿಕ್ ಸಿಲಿಂಡರಿನಲ್ಲಿ ಎಣ್ಣೆ ಸೋರದಂತೆ ತಡೆಯುವ ಸೀಲು ಸವೆದಿದ್ದರೆ ಯಂತ್ರದ ಮೇಲೆತ್ತಿದ ತೋಳು ತಾನಾಗಿ ಕೆಳಗಿಳಿಯುತ್ತದೆ. ಹೊಸ ಬಣ್ಣ ಬಳಿದರೂ ಇಳಿಯುತ್ತದೆ, ಕಾಗದಕ್ಕೆ ಮೊಹರು ಒತ್ತಿದರೂ ಇಳಿಯುತ್ತದೆ. ಕಟ್ಟಡದ ಯಂತ್ರಗಳ ವ್ಯಾಪಾರದಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ. ಗೊತ್ತಿಲ್ಲದವರಂತೆ ಇರುವವರು ಬೇಕಾದಷ್ಟಿದ್ದಾರೆ.

ರಾಂಗೆಲ್ ಹಾಗಿರಲಿಲ್ಲ. ಪ್ಲೋವ್ದಿವ್ ಊರಾಚೆ, ಹಳೆಯ ಯಂತ್ರಗಳನ್ನು ರಿಪೇರಿ ಮಾಡಿ ಮಾರುವ ಕ್ರುಮ್‌ನ ಅಂಗಳದಲ್ಲಿ ಅವನು ಇಪ್ಪತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದ. ಆಳನ್ನು ಬುಟ್ಟಿಯಲ್ಲಿ ನಿಲ್ಲಿಸಿ ಮೂರು ಮಹಡಿ ಎತ್ತರಕ್ಕೆ ಒಯ್ಯುವ ಬೂಮ್ ಲಿಫ್ಟ್ ಮಾರಾಟಕ್ಕೆ ಸಿದ್ಧವಾಯಿತೆಂದರೆ ಅವನ ಪರೀಕ್ಷೆ ಒಂದೇ. ಊಟದ ಪೊಟ್ಟಣ ಹಿಡಿದು ತಾನೇ ಬುಟ್ಟಿ ಹತ್ತುವುದು. ಗೋದಾಮಿನ ಗೋಡೆಯಲ್ಲಿ ಬಿಳಿ ಗೆರೆ ಎಳೆದಿದ್ದ. ಬುಟ್ಟಿಯ ತಳ ಅದಕ್ಕೆ ಸಮ ಬಂದಾಗ ಇಂಜಿನ್ ಆರಿಸಿ ಅಲ್ಲೇ ಉಣ್ಣುವುದು. ಊಟ ಮುಗಿಯುವಷ್ಟರಲ್ಲಿ ಬುಟ್ಟಿ ಒಂದು ಬೆರಳು ಇಳಿದಿದ್ದರೂ ಯಂತ್ರ ವಾಪಸ್ ಶೆಡ್ಡಿಗೆ.

"ಏನಣ್ಣಾ, ನಮ್ ಜೊತೆ ಕೂತು ಉಂಡ್ರೆ ಗಂಟ್ಲಲ್ಲಿ ಇಳಿಯಲ್ವಾ?" ಎಂದು ಅವನ ಜೊತೆಗಾರ ಸ್ಪಾಸ್ ಕೆಳಗಿನಿಂದ ಕಿಚಾಯಿಸುತ್ತಿದ್ದ.

"ಇಳಿಯುತ್ತೆ ಕಣೋ. ನಿನ್ ಕಣ್ಣು ನನ್ ಬಾನಿತ್ಸಾ ಮೇಲೇ ಇರುತ್ತಲ್ಲ, ಅದ್ಕೇ ಇಷ್ಟು ದೂರ."

ಚೀಸ್ ತುಂಬಿ ಬೇಯಿಸಿದ ಆ ಬಾನಿತ್ಸಾದಲ್ಲಿ ಅವನು ತಿನ್ನುತ್ತಿದ್ದುದು ಅರ್ಧ. ಇಳಿದ ಮೇಲೆ ಉಳಿದರ್ಧ ಸ್ಪಾಸನ ಕೈಗೆ.

ಹೋದ ವರ್ಷದ ಏಪ್ರಿಲಿನಲ್ಲಿ ರಾಂಗೆಲನ ಹೃದಯ ನಿಂತಿತು. ಪರೀಕ್ಷೆ ಮಾಡಿ ಕಾಗದಕ್ಕೆ ಸಹಿ ಹಾಕುವ ಕೆಲಸ ಸ್ಪಾಸನ ಪಾಲಿಗೆ ಬಂತು. ಸ್ಪಾಸನಿಗೆ ಕುರ್ಚಿಯ ಮೇಲೆ ನಿಂತರೂ ತಲೆಸುತ್ತು. ಆ ವರ್ಷ ಅವನು ನಾಲ್ಕು ಲಿಫ್ಟುಗಳಿಗೆ ನೆಲದಲ್ಲೇ ನಿಂತು ಸಹಿ ಹಾಕಿದ. ಇದನ್ನು ಮುಚ್ಚಿಟ್ಟು ಅವನನ್ನು ಹೊಗಳಲು ನನ್ನಿಂದಾಗದು.

ವರ್ಷ ತುಂಬಿದ ದಿನ ರಾಂಗೆಲನ ಹೆಂಡತಿ ವೆಲಿಚ್ಕಾ ಅಂಗಳಕ್ಕೆ ಬಂದಳು. ಗಂಡನ ಫೋಟೊ ಇದ್ದ ನೆನಪಿನ ಹಾಳೆಯನ್ನು ಗೇಟಿಗೆ ಅಂಟಿಸಿ, ಸಕ್ಕರೆ, ಅಕ್ರೋಟು ಬೆರೆಸಿದ ಬೇಯಿಸಿದ ಗೋಧಿಯನ್ನೂ ಬಾನಿತ್ಸಾವನ್ನೂ ಎಲ್ಲರಿಗೂ ಹಂಚತೊಡಗಿದಳು. ಅದೇ ಹೊತ್ತಿಗೆ ಕಟ್ಟಡಗಳಿಗೆ ಬಣ್ಣ ಹೊಡೆಸುವ ಗುತ್ತಿಗೆದಾರೆ ದಿಲ್ಯಾನಾ ಲಿಫ್ಟ್ ಕೊಳ್ಳಲು ಬಂದಿದ್ದಳು. ಗೋಧಿ ತೆಗೆದುಕೊಂಡು, ಸತ್ತವರನ್ನು ನೆನೆಯುವಾಗಿನ ವಾಡಿಕೆಯಂತೆ, "ದೇವ್ರು ಅವ್ರನ್ನ ಮನ್ನಿಸ್ಲಿ" ಎಂದಳು.

ಕ್ರುಮ್ ಫೋಟೊದತ್ತ ಕೈ ತೋರಿಸಿದ. "ನೋಡಮ್ಮಾ, ಇವನ ಕೈ ದಾಟದೆ ಇಲ್ಲಿಂದ ಒಂದ್ ಬೋಲ್ಟೂ ಹೊರಗ್ ಹೋಗಿಲ್ಲ. ಈ ಲಿಫ್ಟೂ ಅವನೇ ನೋಡಿದ್ದು. ಸ್ಪಾಸ್, ಒಂದ್ ಸಹಿ ಹಾಕಯ್ಯಾ."

ಆ ಲಿಫ್ಟ್ ಅಂಗಳಕ್ಕೆ ಬಂದದ್ದು ರಾಂಗೆಲ್ ಮಣ್ಣಾಗಿ ಎಂಟು ತಿಂಗಳಾದ ಮೇಲೆ. ಸತ್ತವನ ಮುಖ ತೋರಿಸಿ ಸರಕು ಮಾರುವವನನ್ನು ನಮ್ಮಲ್ಲಿ ಜಾಣ ವ್ಯಾಪಾರಿ ಎನ್ನುತ್ತಾರೆ.

ವೆಲಿಚ್ಕಾ ತಟ್ಟೆ ಹಿಡಿದೇ ಕೇಳಿದಳು: "ಹೌದಾ ಸ್ಪಾಸ್? ಅವ್ರು ನೋಡಿದ್ರಾ ಇದನ್ನ?"

ಸ್ಪಾಸ್ ಪೆನ್ನು ಜೇಬಿಗಿಟ್ಟ. ತಟ್ಟೆಯಿಂದ ಒಂದು ಬಾನಿತ್ಸಾ ಎತ್ತಿಕೊಂಡ. "ತಡೀರಿ. ಊಟ ಮುಗ್ಸಿ ಬರ್ತೀನಿ."

"ನಿಂಗ್ಯಾಕಯ್ಯಾ ಈ ಸರ್ಕಸ್ಸು? ಮೇಲಿಂದ ವಾಂತಿ ಮಾಡ್ಕೊಂಡೀಯ" ಎಂದ ಕ್ರುಮ್.

"ಹಾಗಾದ್ರೆ ಸ್ವಲ್ಪ ಆ ಕಡೆ ನಿಂತ್ಕೊಳ್ಳಿ."

ಬೆಲ್ಟ್ ಬಿಗಿದುಕೊಂಡು ಏರಿದ. ಬುಟ್ಟಿ ಗೆರೆಗೆ ಸಮ ಬಂದಾಗ ಇಂಜಿನ್ ಆರಿಸಿ ತಳದಲ್ಲಿ ಕುಕ್ಕರಿಸಿದ. ಕಣ್ಣು ಮುಚ್ಚಿಕೊಂಡೇ ಅಗಿದ. ಒಂದೊಂದೇ ತುತ್ತು ನುಂಗಿದ. ಅರ್ಧ ಗಂಟೆ ಯಾರೂ ಅಲ್ಲಿಂದ ಕದಲಲಿಲ್ಲ.

"ಗೆರೆ ಬುಟ್ಟಿ ತಳಕ್ಕಿಂತ ಮೇಲಕ್ಕೆ ಹೋಯ್ತಲ್ಲ?" ದಿಲ್ಯಾನಾಳ ದನಿ.

ಸ್ಪಾಸ್ ಕಣ್ಣು ಬಿಟ್ಟ. ತಳಕ್ಕೆ ಸಮವಿದ್ದ ಗೆರೆ ಈಗ ಒಂದು ಗೇಣು ಮೇಲಿತ್ತು. "ಗೆರೆ ಇದ್ದಲ್ಲೇ ಇದೆಯಮ್ಮಾ. ಇಳ್ದಿದ್ದು ನಾನು."

ನೆಲಕ್ಕೆ ಬಂದು ಬೆಲ್ಟ್ ಬಿಚ್ಚುತ್ತ ಹೇಳಿದ. "ರಾಂಗೆಲಣ್ಣ ಇದನ್ನ ಕಣ್ಣಲ್ಲೂ ಕಂಡಿಲ್ಲ. ಅವ್ರು ಹೋದ್ಮೇಲೆ ಬಂದಿದ್ದು. ಸೀಲು ಹೋಗಿದೆ. ನಾನು ಸಹಿ ಹಾಕಲ್ಲ."

ಕ್ರುಮ್ ನೆಲ ನೋಡಿದ. "ಸೀಲು ಬದಲಾಯ್ಸಿ ಕೊಡೋಣ ಬಿಡಿ."

"ಬದಲಾಯ್ಸಿ. ಇದನ್ನ ಹತ್ತೋ ನಮ್ ಆಳುಗಳನ್ನೂ ಕರ್ಕೊಂಡು ಬರ್ತೀನಿ, ಅವ್ರೂ ನೋಡ್ಲಿ," ಎಂದಳು ದಿಲ್ಯಾನಾ. ಸ್ಪಾಸನ ಕಡೆ ತಿರುಗಿ, "ಆದ್ರೆ ಅವತ್ತೂ ಮೇಲೆ ಕೂತು ತಿನ್ನೋದು ನೀವೇ" ಎಂದಳು.

ವೆಲಿಚ್ಕಾ ಸ್ಪಾಸನ ಕೈಯಲ್ಲಿ ಉಳಿದಿದ್ದ ತುಂಡನ್ನು ನೋಡಿದಳು. "ಅರ್ಧ ಯಾಕೋ ಬಿಟ್ಟೆ? ಚೆನ್ನಾಗಿಲ್ವಾ?"

"ಅಣ್ಣ ತಿಂತಿದ್ದಿದ್ದೂ ಅಷ್ಟೇ ಅಲ್ವಾ ಅತ್ತಿಗೆ."

ಅವಳು ಆ ಅರ್ಧವನ್ನು ಇಸಿದುಕೊಂಡು, ಗೇಟಿನ ಫೋಟೊದ ಪಕ್ಕ ತಲೆಯೆತ್ತಿ ನಿಂತು ತಿಂದಳು.

ಮುಂದಿನ ವಾರ ಸ್ಪಾಸ್ ಆ ನಾಲ್ಕು ಲಿಫ್ಟುಗಳನ್ನೂ ಹುಡುಕಿಕೊಂಡು ಹೋದ, ಪೊಟ್ಟಣ ಹಿಡಿದು. ಮೂರು ಕದಲಲಿಲ್ಲ. ನಾಲ್ಕನೆಯದು ಇಳಿಯಿತು, ಅದನ್ನು ಕೆಲಸದಿಂದ ಬಿಡಿಸಿ ಶೆಡ್ಡಿಗೆ ತಂದ. ಇಪ್ಪತ್ತೆರಡು ವರ್ಷದಲ್ಲಿ ರಾಂಗೆಲ್ ಗಳಿಸಿದ್ದು ಇದು: ತಾನಿಲ್ಲದಾಗಲೂ ತನ್ನಂತೆ ಬುಟ್ಟಿ ಹತ್ತುವ ಒಬ್ಬ ಮನುಷ್ಯ.

ನಾಳೆ ನಿಮ್ಮ ಮೇಜಿಗೂ ಒಂದು ಕಾಗದ ಬರುತ್ತದೆ, ಲಿಫ್ಟಿನದೋ, ಸೇತುವೆಯದೋ, ಶಾಲೆಯ ಚಾವಣಿಯದೋ. ಪೆನ್ನು ಕೆಳಗಿಡಿ. ಬೇರೆಯವರನ್ನು ಕಳಿಸುವ ಮೊದಲು ಆ ಬುಟ್ಟಿಯಲ್ಲಿ, ಆ ಸೇತುವೆಯ ಮೇಲೆ, ಆ ಚಾವಣಿಯ ಕೆಳಗೆ ನೀವು ಊಟಕ್ಕೆ ಕೂರಿ.