ನಲವತ್ತೊಂದನೇ ನಿಮಿಷದ ಬಂದೂಕು

ಮೊನ್ನೆ ಟಿವಿಯಲ್ಲಿ ಯಾವುದೋ ಯುದ್ಧದ ಸಿನಿಮಾ ಹಾಕಿಕೊಂಡು ಕೂತಿದ್ದೆ. ಬಿಳಿ ನಿಲುವಂಗಿಯ ಸೈನಿಕನೊಬ್ಬ ಹಿಮದಲ್ಲಿ ಬೋರಲು ಮಲಗಿದ್ದ. ಅವನ ಮುಖ ಕಾಣುವ ಮೊದಲೇ ಅವನ ಬಂದೂಕನ್ನು ಗುರುತಿಸಿಬಿಟ್ಟೆ. ನಗಬೇಡಿ. ಮಿಕ್ಸಿ ಕೆಟ್ಟಿದೆಯೆಂದು ಗೊಣಗಿ, ಸ್ವಿಚ್ಚೇ ಹಾಕಿಲ್ಲವೆಂದು ಆಮೇಲೆ ಕಂಡುಕೊಳ್ಳುವವಳು ನಾನು.

ಈ ವಿದ್ಯೆ ನನ್ನ ಗಂಡನದು. ಕುಂದಾಪುರದವರು, ಇಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಯಂತ್ರವೆಂದರೆ ಜೀವ. ಕೊಲ್ಲುವುದರಲ್ಲೇನೂ ಆಸಕ್ತಿಯಿಲ್ಲ, ಬಚ್ಚಲಿನ ಜೇಡವನ್ನೂ ಪೇಪರಿನ ಮೇಲೆ ಎತ್ತಿ ಹೊರಗೆ ಬಿಡುವವರು. ಲಾಕ್‌ಡೌನಿನಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಪಟ್ಟಿ ಹಿಡಿದರು. ಯಾವ ಸಿನಿಮಾದಲ್ಲಿ, ಎಷ್ಟನೇ ನಿಮಿಷದಲ್ಲಿ, ಯಾರ ಕೈಯಲ್ಲಿ ಯಾವ ಬಂದೂಕು ಎಂದು ದೇಶದೇಶದ ಹುಚ್ಚರು ಸೇರಿ ಬರೆಯುವ ಪಟ್ಟಿ. ಇವರೂ ಅದರಲ್ಲಿ ಬರೆಯತೊಡಗಿದರು. ಹಿಡಿದದ್ದು ಫಿನ್ಲೆಂಡಿನ ಒಂದು ಹಳೆಯ ಲಘು ಮೆಷಿನ್‌ಗನ್ನನ್ನು. ಅದರ ಉದ್ದನೆಯ ಹೆಸರು ನನ್ನ ನಾಲಿಗೆಗೆ ಇಂದಿಗೂ ಒಗ್ಗಿಲ್ಲ.

"ನಿಲ್ಸೆ ಮಾರಾಯ್ತಿ, ನಿಲ್ಸು!" ರಿಮೋಟ್ ನನ್ನ ಕೈಯಲ್ಲಿರುತ್ತಿತ್ತು. "ಕೆಳಗೆ ನೋಡು, ಬಾಗಿದ ಮ್ಯಾಗಜಿನ್. ಇಪ್ಪತ್ತೇ ಗುಂಡು. ಒಳಗೆ ರಾಶಿ ಬಿಡಿಭಾಗ, ಚಳಿಗೆ ಜಾಮ್ ಆಗ್ತಿತ್ತು. ಕಡೆಗೆ ಫಿನ್ಲೆಂಡಿನವರೇ ರಷ್ಯಾದವರಿಂದ ಕಿತ್ಕೊಂಡ ಗನ್ನೇ ವಾಸಿ ಅಂತಿದ್ರು."

"ಅಲ್ಲಿ ಹುಡುಗ ಸಾಯ್ತಿದ್ದಾನೆ ರೀ, ನಿಮಗೆ ಮ್ಯಾಗಜಿನ್ನಾ?"

"ಅವ್ನು ಸಾಯ್ತಿರೋದೇ ಅದು ಜಾಮ್ ಆಗಿದ್ದಕ್ಕೆ!"

ಇಲ್ಲೇ ಹುಟ್ಟಿದ ಮಗಳು ಫೋನಿನಿಂದ ತಲೆಯೆತ್ತದೆ, "ಲೀವ್ ಹಿಮ್ ಮಾಮ್, ಹೀ ಈಸ್ ಗ್ರ್ಯಾಂಡ್" ಅನ್ನುವಳು. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಅಂದರೆ ಆರಾಮಾಗಿದ್ದಾರೆ ಅಂತ, ಅಷ್ಟೇ.

ಜನವರಿಯಲ್ಲಿ ಅವರಿಗೆ ಕೋವಿಡ್ ಬಂತು. ಎಂಟು ದಿನ ಆಸ್ಪತ್ರೆ, ನಮ್ಮನ್ನು ಒಳಗೆ ಬಿಡಲಿಲ್ಲ. ಅಂತ್ಯಕ್ರಿಯೆಗೆ ಹತ್ತೇ ಜನ. ಮನೆಗೆ ಬಂದು ಕೈ ಕುಲುಕುವುದು ಇಲ್ಲಿಯ ಪದ್ಧತಿ. ಅದಾಗದೆ ಡಗ್ಲಸ್ ಬಡಾವಣೆಯ ನಮ್ಮ ಬೀದಿಯವರೆಲ್ಲ ತಮ್ಮತಮ್ಮ ಗೇಟಿನ ಬಳಿ ಸುಮ್ಮನೆ ನಿಂತರು. ಅವರನ್ನು ಹೊತ್ತ ಗಾಡಿ ನಿಧಾನವಾಗಿ ದಾಟಿತು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಗಳೇ ಊರಿಗೆಲ್ಲ ಫೋನ್ ಮಾಡಿ, ತಡವರಿಸುತ್ತ ಕನ್ನಡದಲ್ಲಿ ವಿಷಯ ಹೇಳಿದಳು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ತಿಂಗಳುಗಟ್ಟಲೆ "ಅವರು ಹೋದ ಮೇಲೆ" ಅನ್ನುತ್ತಿದ್ದೆ, ಡ್ಯೂಟಿಗೆ ಹೋದವರ ಸುದ್ದಿ ಹೇಳುವ ಹಾಗೆ.

ಮೊನ್ನೆ ಸಿನಿಮಾ ಮುಗಿದ ಮೇಲೆ ಅವರ ಲ್ಯಾಪ್‌ಟಾಪ್ ತೆರೆದೆ. ಪಟ್ಟಿಯಲ್ಲಿ ಈ ಸಿನಿಮಾದ ಕೆಳಗೆ ಆ ಬಂದೂಕು ಇರಲಿಲ್ಲ. ಅವರ ಖಾತೆಯಲ್ಲೇ ಬರೆದೆ: ನಲವತ್ತೊಂದನೇ ನಿಮಿಷ, ಹಿಮದಲ್ಲಿ ಮಲಗಿದ ಸೈನಿಕ. ದೊಡ್ಡ ಕೆಲಸ ಮುಗಿಸಿದವಳಂತೆ ಚಹಾ ಕುಡಿದೆ.

ಇವತ್ತು ಬೆಳಿಗ್ಗೆ ಫಿನ್ಲೆಂಡಿನವರೊಬ್ಬರ ಉತ್ತರ ಬಂದಿತ್ತು. "ಗೆಳೆಯ, ಇದು ಆ ಗನ್ ಅಲ್ಲ. ಸಿನಿಮಾದವರು ಬೇರೊಂದಕ್ಕೆ ವೇಷ ಹಾಕಿದ್ದಾರೆ. ನೀವು ಇಂಥ ತಪ್ಪು ಮಾಡುವವರೇ ಅಲ್ಲ. ತಿಂಗಳುಗಳಿಂದ ಕಾಣಲೂ ಇಲ್ಲ. ಆರೋಗ್ಯ ತಾನೇ?"

ಸುಮ್ಮನಿರಬಹುದಿತ್ತು. ಆದರೆ ಅವರ ಹೆಸರಿನ ಕೆಳಗೆ ನನ್ನ ತಪ್ಪು ಕೂತಿತ್ತು. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ:

"ತಪ್ಪು ಅವರದಲ್ಲ. ನಾನು ಅವರ ಹೆಂಡತಿ. ಅವರು ಜನವರಿಯಲ್ಲಿ ತೀರಿಕೊಂಡರು."